ಊರ ದಾರಿಯ ಎಣ್ಣೆ ಲೆಕ್ಕ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಊರಿಗೆ ಹೋಗುವ ದಾರಿಯೂ ಮನೆಯ ಅಂಗಳವೇ. ಪುಣೆಯ ನಮ್ಮ ಮನೆಯಿಂದ ಧಾರವಾಡದ ನಮ್ಮ ಓಣಿಗೆ 430 ಕಿಲೋಮೀಟರು. ಕಾತ್ರಜದ ಸುರಂಗ, ಖಂಬಾಟಕಿಯ ಘಟ್ಟ, ಸಾತಾರೆಯ ಅಜಿಂಕ್ಯತಾರಾ ಕೋಟೆ, ಕರಾಡದ ಕೃಷ್ಣೆ, ಕೊಲ್ಲಾಪುರದ ಪಂಚಗಂಗೆ — ಇವೆಲ್ಲ ನಮ್ಮ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ಬಾಯಿಪಾಠವಾದ ಹೆಸರುಗಳು. ಹಿಂದೆ ವರ್ಷಕ್ಕೆ ನಾಲ್ಕು ಸಲವಾದರೂ ಹೋಗಿ ಬರುತ್ತಿದ್ದೆವು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ನಾಲ್ಕು ಎರಡಾಯಿತು, ಎರಡು ಒಂದಾಯಿತು. “ಮುಂದಿನ ಹಬ್ಬಕ್ಕೆ ನೋಡೋಣ” ಎಂದು ನಾವು ಅನ್ನುವುದು, “ಆಗಲಿ” ಎಂದು ತಂದೆಯವರು ವರ್ತಮಾನ ಪತ್ರಿಕೆಯಲ್ಲಿ ಮುಖ ಮರೆಸುವುದು ರೂಢಿಯಾಗಿಬಿಟ್ಟಿತ್ತು.

ಕಳೆದ ದಸರೆಗೆ ಎಂಟು ದಿನ ಮೊದಲು ಅವರೇ ಒಂದು ಹಳೆಯ ವಹಿಯನ್ನು ಹೊರಗೆ ತೆಗೆದರು. ಒಂದು ಕಾಲಕ್ಕೆ ಅವರು ಪದ್ಮಿನಿ ಕಾರು ಇಟ್ಟವರು. ಎಷ್ಟು ಲೀಟರು ಹಾಕಿಸಿದರು, ಎಷ್ಟು ಓಡಿತು ಎಂಬ ಲೆಕ್ಕವೆಲ್ಲ ಆ ವಹಿಯಲ್ಲಿ ದುಂಡಗಿನ ಅಕ್ಷರಗಳಲ್ಲಿದೆ. “ಈ ಸಲ ನಾ ಹೇಳಿಧಂಗ ಗಾಡಿ ಹೊಡಿ ತಮ್ಮಾ. ಎಷ್ಟು ಎಣ್ಣಿ ಕುಡೀತದ, ನೋಡೇಬಿಡೂಣು” ಎಂದರು. ಎಪ್ಪತ್ತೊಂಬತ್ತರ ಹಿರಿಯರ ಮಾತು. ಒಪ್ಪಿಕೊಂಡೆವು.

ಮೊದಲು ಇಳಿದದ್ದು ಮಾಡಿನ ಮೇಲಿನ ಸಾಮಾನಿನ ಚೌಕಟ್ಟು. ವರ್ಷವಿಡೀ ಅದು ಅಲ್ಲಿಯೇ ಬರಿದಾಗಿ ಕುಳಿತು ಗಾಳಿಯನ್ನು ಎದುರಿಸುತ್ತಿತ್ತು. ಆ ಎದುರಾಟಕ್ಕೆ ದಂಡ ತೆರುವವರು ನಾವು. ಪೆಟ್ಟಿಗೆಗಳನ್ನು ಹಿಂಬದಿಯಲ್ಲಿ ಹಿಡಿಸಿದ್ದು ನಮ್ಮ ಮನೆಯವರ ಜಾಣತನ. ಎರಡನೆಯದು ಗಾಲಿಗಳ ಗಾಳಿ. ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದೇ ಇರುತ್ತಾರೆ. ನಾವು ಅದನ್ನು ಓದಿದ್ದು ಐದು ವರ್ಷದ ಮೇಲೆ! ಮುಂಜಾನೆ ಗಾಲಿ ತಣ್ಣಗಿದ್ದಾಗ ನೋಡಿಸಿದರೆ ನಾಲ್ಕರಲ್ಲಿ ಮೂರು ಸೊರಗಿದ್ದವು. ಸೊರಗಿದ ಗಾಲಿ ನೆಲವನ್ನು ಹೆಚ್ಚು ಅಪ್ಪುತ್ತದೆ, ಉರುಳಲು ಹೆಚ್ಚು ಬಲ ಬೇಡುತ್ತದೆ.

ಮೂರನೆಯದು ನಮ್ಮ ಮಾನದ ಪ್ರಶ್ನೆ. ಪೆಟ್ರೋಲಿನ ಕೊಳವೆಗೆ ಕಟ್ಟಿದರೆ ಐದರಲ್ಲೊಂದು ಪಾಲು ಉಳಿಯುತ್ತದೆಂಬ ಮಾತು ನಂಬಿ ಒಂದು ಅಯಸ್ಕಾಂತದ ತುಂಡನ್ನು ಹಿಂದೊಮ್ಮೆ ಕೊಂಡು ತಂದಿದ್ದೆವು. ತಂದೆಯವರು ಅದನ್ನು ಕಂಡು, “ಪೆಟ್ರೋಲು ಅಂದ್ರ ಕಬ್ಬಿಣದ ಪುಡಿ ಅಂತ ತಿಳಿದೀಯೇನೋ?” ಎಂದು ನಕ್ಕರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರೀಕ್ಷಿಸಿ, ಹೆಚ್ಚಿನವುಗಳಿಂದ ಕವಡೆಯಷ್ಟೂ ಲಾಭವಿಲ್ಲವೆಂದು ಕಂಡುಕೊಂಡಿದೆ. ನಮ್ಮ ಅಯಸ್ಕಾಂತ ಈಗ ಅಡಿಗೆಮನೆಯಲ್ಲಿ ಹಾಲಿನ ಚೀಟಿಯನ್ನು ಹಿಡಿದುಕೊಂಡಿದೆ.

ಉಳಿದದ್ದು ವೇಗದ ವಿಚಾರ. 1978ರಲ್ಲಿ ಸ್ಥಾಪನೆಯಾದ ನಮ್ಮ ದೇಶದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿಲೋಮೀಟರು ಮಿತವ್ಯಯದ ವೇಗವೆಂದು ಹೇಳುತ್ತ ಬಂದಿದೆ. ಹೆದ್ದಾರಿಯಲ್ಲಿ ಅಷ್ಟು ನಿಧಾನ ಹೋದರೆ ಹಿಂದಿನವರಿಗೆ ತೊಂದರೆ. ಅಪ್ಪ-ಮಗ ಕೂಡಿ ಎಂಬತ್ತಕ್ಕೆ ರಾಜಿ ಮಾಡಿಕೊಂಡೆವು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಇದ್ದ ತಡೆ 110ಕ್ಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಾವು ಇಷ್ಟು ವರ್ಷ 110ರ ಜಾತಿಯವರು!

ನಸುಕಿನಲ್ಲಿ ಹೊರಟೆವು. ಮುಂದೆ ಕೆಂಪು ದೀಪ ಕಂಡರೆ ದೂರದಲ್ಲೇ ಕಾಲು ತೆಗೆಯುವುದು, ನಿಂತರೆ ಇಂಜಿನ್ನು ಬಂದ್ ಮಾಡುವುದು. ಬಸ್ಸುಗಳು ನಮ್ಮನ್ನು ದಾಟಿ ಹೋದಂತೆಲ್ಲ ಹಿಂದೆ ಕುಳಿತ ಮಗನ ಮುಖ ಸಣ್ಣದಾಗುತ್ತಿತ್ತು. ನೀರಾ ನದಿ ದಾಟಿ ಖಂಬಾಟಕಿಯ ಘಟ್ಟ ಹತ್ತಿದೆವು. ಇಳಿಯುವ ಹೊತ್ತಿಗೆ ತಂದೆಯವರು, “ಈಗ ನ್ಯೂಟ್ರಲ್ಲಿಗೆ ಹಾಕು. ಇಳಕಲಿನ್ಯಾಗ ಗಾಡಿ ತಾನ ಹೋಗ್ತದ, ಎಣ್ಣಿ ಯಾಕ ಸುಡಬೇಕು?” ಎಂದರು. ಹಾಕಿದೆವು.

ಮೊದಲು ತೇಲಿದಂತೆ ಹಾಯೆನಿಸಿತು. ತಿರುವು ಒಂದಾಯಿತು, ಎರಡಾಯಿತು. ಗಾಡಿಯ ಓಟ ಮಾತ್ರ ಏರುತ್ತಲೇ ಇತ್ತು. ತಡೆಯಲು ಬ್ರೇಕೊಂದೇ ಆಧಾರ. ಒತ್ತಿ ಒತ್ತಿ ಸುಟ್ಟ ವಾಸನೆ ಒಳಗೆ ಬಂತು. ಮುಂದಿನ ತಿರುವಿನಾಚೆ ಕಬ್ಬಿಣ ಹೇರಿದ ಲಾರಿಯೊಂದು ನಿಂತಿತ್ತು. ಪೂರ್ತಿ ಬಲದಿಂದ ಬ್ರೇಕು ತುಳಿದೆವು. ಕಾರು ನಿಂತಾಗ ಲಾರಿಗೂ ನಮಗೂ ನಡುವೆ ಒಂದು ಮಾರು ಜಾಗ. ತಾಯಿಯವರ ಮಡಿಲಲ್ಲಿದ್ದ ಚಕ್ಕುಲಿಯ ಡಬ್ಬಿ ಕೆಳಗುರುಳಿತ್ತು. ಯಾರೂ ಮಾತಾಡಲಿಲ್ಲ. ತಂದೆಯವರ ಕೈ ಬಾಗಿಲ ಹಿಡಿಯನ್ನು ಬಿಟ್ಟಿರಲಿಲ್ಲ.

ಸಾತಾರೆಯ ಹತ್ತಿರ ಒಬ್ಬ ಮಿಸ್ತ್ರಿಗೆ ಬ್ರೇಕು ತೋರಿಸಿದೆವು. ಆತ ತಂದೆಯವರನ್ನು ಕಾಕಾ ಎಂದು ಕರೆದು, ಕುರ್ಚಿ ಕೊಟ್ಟು, ಮರಾಠಿಯಲ್ಲಿ ಸಾವಧಾನವಾಗಿ ಬಿಡಿಸಿ ಹೇಳಿದ. ಪದ್ಮಿನಿಗೆ ಇದ್ದದ್ದು ಕಾರ್ಬುರೇಟರು. ಗೇರಿನಲ್ಲಿ ಇಳಿದರೂ ಅದು ಎಣ್ಣೆ ಹೀರುತ್ತಿತ್ತು. ಈಗಿನ ಗಾಡಿ ಹಾಗಲ್ಲ. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ; ಇಳಿಯುವ ಗಾಲಿಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಆ ಭಾರವೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಇಂಜಿನ್ನು ಉಸಿರು ಹಿಡಿದಿರಲು ಎಣ್ಣೆ ಸುಡಲೇಬೇಕು. ಅಂದರೆ ಜೀವವನ್ನು ಅಪಾಯಕ್ಕೊಡ್ಡಿ ನಾವು ಉಳಿಸಿದ್ದು ಏನೂ ಇಲ್ಲ, ಕಳೆದದ್ದೇ.

ಕರಾಡದವರೆಗೆ ತಂದೆಯವರು ಮೌನ. ಎರಡೂ ಬದಿಗೆ ಕಬ್ಬಿನ ಗದ್ದೆಗಳು ಬಂದ ಮೇಲೆ ಮಾತು ತೆಗೆದವರು ಮೊಮ್ಮಗಳು: ಈ ಕಬ್ಬು ನಮ್ಮ ಟಾಕಿಯಲ್ಲೂ ಇದೆಯಂತಲ್ಲ ಅಜ್ಜಾ? ನಿಜವೇ. ಕಬ್ಬಿನಿಂದಲೂ ಇತರ ಧಾನ್ಯಗಳಿಂದಲೂ ತೆಗೆದ ಎಥೆನಾಲನ್ನು ಪೆಟ್ರೋಲಿನಲ್ಲಿ ಬೆರೆಸುವ ಪ್ರಮಾಣ 2025ರ ಹೊತ್ತಿಗೆ ಶೇಕಡಾ 20ಕ್ಕೆ ಮುಟ್ಟಿತು. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ. ಆದ್ದರಿಂದ ಹಳೆಯ ವಹಿಯ ಅಂಕಿಗಳನ್ನು ಇಂದಿನವುಗಳ ಜೊತೆ ನೇರವಾಗಿ ತೂಗಲಾಗದು. ಈ ಮಾತಿಗೆ ತಂದೆಯವರು ತಲೆಯಾಡಿಸಿ ವಹಿಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ನಮ್ಮ ಜೀವಕ್ಕೆ ಸಮಾಧಾನವಾಯಿತು.

ದೂಧಗಂಗೆ ದಾಟಿ ಕೊಗನೊಳ್ಳಿಯಲ್ಲಿ ಕನ್ನಡದ ಫಲಕಗಳು ಕಂಡಾಗ ಮಕ್ಕಳು ಎಂದಿನಂತೆ ಕೂಗಿದರು. ನಿಪ್ಪಾಣಿ, ಸಂಕೇಶ್ವರ, ಚೆನ್ನಮ್ಮ ಹುಟ್ಟಿದ ಕಾಕತಿ, ಬೆಳಗಾವಿಯ ಕುಂದಾ, ಆಮೇಲೆ ಕಿತ್ತೂರು. ಧಾರವಾಡ ಮುಟ್ಟಿದಾಗ ಎಂದಿಗಿಂತ ಒಂದು ತಾಸು ತಡ. ಆ ತಾಸಿಗಾಗಿ ಬಾಗಿಲಲ್ಲಿ ನಿಂತ ಅತ್ತೆ ಯಾರನ್ನೂ ಬಯ್ಯಲಿಲ್ಲ.

ತಿರುಗಿ ಬರುವಾಗ ಸಂಜೆ. ಕಾತ್ರಜದ ಸುರಂಗ ದಾಟಿದರೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. ಪುಣೆಯವರಿಗೆ ಅದರ ಪರಿಚಯ ಬೇಕಿಲ್ಲ: 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ಜಜ್ಜಿಹೋದವು. ಡೀಸೆಲ್ಲು ಉಳಿಸಲು ಲಾರಿಗಳು ನ್ಯೂಟ್ರಲ್ಲಿನಲ್ಲಿ ಇಳಿಯುವುದರ ಬಗೆಗೆ ಎಷ್ಟೋ ಸಲ ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ತಪ್ಪು ನಮ್ಮದೂ ಎಂದು ಹೊಳೆದಿರಲಿಲ್ಲ. ಸುರಂಗದ ಬಾಯಲ್ಲಿ ತಂದೆಯವರು ಮೆಲ್ಲಗೆ, “ಗೇರಿನ್ಯಾಗ ಇರಲಿ ತಮ್ಮಾ, ಸಣ್ಣ ಗೇರಿನ್ಯಾಗ” ಎಂದರು.

ಮನೆ ಮುಟ್ಟಿ ಲೆಕ್ಕ ಮಾಡಿದೆವು. ಹೋಗುವಾಗ 24½ ಲೀಟರು, ಬರುವಾಗ 23½, ಕೂಡಿಸಿದರೆ 48. ಹಿಂದಿನ ಸಲ ಇದೇ ದಾರಿಗೆ 61 ಆಗಿತ್ತು. ಹದಿಮೂರು ಲೀಟರು ಉಳಿದವು. ವಹಿಯನ್ನು ಮುಚ್ಚಲು ಹೋದಾಗ ತಂದೆಯವರ ಕೈಬರಹದ ಕೊನೆಯ ಸಾಲು ಕಂಡಿತು: 13 × 4 = 52. ಅದರ ಕೆಳಗೆ, “ನಾಲ್ಕು ಸಲ ಹೋಗಿ ಬಂದರೆ ಐದನೆಯದು ಪುಕ್ಕಟೆ.”

ಅವರು ಇಷ್ಟೆಲ್ಲ ಮಾಡಿದ್ದು ಎಣ್ಣೆಗಾಗಿ ಅಲ್ಲವೆಂದು ಆಗ ತಿಳಿಯಿತು. ಯುಗಾದಿಗೆ ಹೊರಡುವುದೆಂದು ಗೊತ್ತುಮಾಡಿದ್ದೇವೆ. ಚೌಕಟ್ಟು ಇಲ್ಲ, ಅವಸರವಿಲ್ಲ. ಘಟ್ಟದಲ್ಲಿ ಗೇರು ಬಿಡುವುದಿಲ್ಲ.