ನಮ್ಮ ಚಿತ್ರದ ಉಪಾಧ್ಯಾಯರು

ಅಕ್ಷರವನ್ನು ಕಲಿಸಿದವರು ಗುರುಗಳು; ಲೆಕ್ಕವನ್ನು ಕಲಿಸಿದವರೂ ಗುರುಗಳೇ. ಆದರೆ ಹುಟ್ಟಿದಂದಿನಿಂದ ತೆರೆದೇ ಇರುವ ಕಣ್ಣಿಗೆ ನೋಡುವುದನ್ನು ಕಲಿಸಿದವರನ್ನು ಏನೆಂದು ಕರೆಯೋಣ? ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತರಾಗಿದ್ದೇವೆ. ಓದಿದ ಕಾವ್ಯಗಳಲ್ಲಿ ಅರ್ಧದಷ್ಟು ನಮಗೆ ಅರ್ಥವಾದುದು, ಸಂಸ್ಕೃತದ ಒಂದಕ್ಷರವನ್ನೂ ಅರಿಯದ ಒಬ್ಬ ಚಿತ್ರಕಲೆಯ ಉಪಾಧ್ಯಾಯರ ದೆಸೆಯಿಂದ ಎಂದರೆ ವಾಚಕರು ನಗಬಾರದು.

1978ರಲ್ಲಿ ನಾವು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿದೆವು. ಡ್ರಾಯಿಂಗ್ ಮೇಷ್ಟ್ರೆಂದು ಊರೆಲ್ಲಾ ಕರೆಯುತ್ತಿದ್ದ ಅವರು ಬಡಕಲು ದೇಹದವರು. ಮಾಸಿದ ಕೋಟು, ಅದರ ಜೇಬಿನಲ್ಲಿ ಸದಾ ಎರಡು ತುಂಡು ಇದ್ದಲು, ದಾರಿಯಲ್ಲಿ ಆಯ್ದ ಬೀಜಗಳು, ಹಕ್ಕಿಯ ಗರಿ. ಮೊದಲನೆಯ ದಿನವೇ ಅವರು, “ಮಾವಿನ ಎಲೆಯ ಬಣ್ಣ ಯಾವುದು?” ಎಂದು ಕೇಳಿದರು. ತರಗತಿಯು ಒಂದೇ ಕೊರಳಿನಿಂದ “ಹಸುರು, ಸಾರ್” ಎಂದಿತು. “ಹಾಗಾದರೆ ಹೊರಗೆ ಬನ್ನಿ” ಎಂದು ನಮ್ಮನ್ನು ಅಂಗಳದ ಮಾವಿನ ಮರದ ಕೆಳಗೆ ನಿಲ್ಲಿಸಿದರು. ಚಿಗುರಿಗೆ ತಾಮ್ರದ ಬಣ್ಣ. ತುಸು ಬೆಳೆದುದಕ್ಕೆ ಹಳದಿ ಬೆರೆತ ಹಸುರು. ಬಲಿತುದು ಕಪ್ಪಿಗೆ ತಿರುಗಿದ ಹಸುರು. ನೆಲಕ್ಕೆ ಉದುರಿದುದು ಕಂದು. ಎಳೆಯ ಎಲೆಯಲ್ಲಿ ಪತ್ರಹರಿತ್ತು ತುಂಬುವ ಮುನ್ನ ಕೆಂಬಣ್ಣದ ದ್ರವ್ಯವು ಮುಂದಾಗಿರುವುದೆಂಬ ಶಾಸ್ತ್ರವನ್ನು ನಾವು ಬಹುಕಾಲದ ಮೇಲೆ ಓದಿದೆವು. ಕಣ್ಣು ಅದನ್ನು ಅಂದೇ ಓದಿತ್ತು.

ಬಣ್ಣದ ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿಯು ಅನೇಕ ಹುಡುಗರಿಗೆ ಇರಲಿಲ್ಲ. ಮೇಷ್ಟ್ರು ಅದಕ್ಕಾಗಿ ಚಿಂತಿಸಲಿಲ್ಲ. ಕೆಮ್ಮಣ್ಣು, ಇದ್ದಲು, ಸುಣ್ಣ, ಅರಿಸಿನ, ಇಷ್ಟೇ ಅವರ ಭಂಡಾರ. ಅರಿಸಿನಕ್ಕೆ ಸುಣ್ಣ ಸೋಕಿದೊಡನೆ ಕೆಂಪೇರುವುದನ್ನು ತಾಯಂದಿರು ಆರತಿಯ ತಟ್ಟೆಯಲ್ಲಿ ಕಾಣುತ್ತಲೇ ಇರುತ್ತಾರೆ. ಅದೂ ವರ್ಣವಿದ್ಯೆಯೇ ಎಂದು ನಮಗೆ ತಿಳಿಸಿದವರು ಅವರು. ಆದರೆ ಮಾದರಿಗೆಂದು ಒಂದು ಎಲೆಯನ್ನೂ ಕೀಳಲು ಬಿಡುತ್ತಿರಲಿಲ್ಲ. “ಅದರ ಮನೆಗೆ ನೀನು ಹೋಗಪ್ಪಾ, ಅದನ್ನು ನಿನ್ನ ಮನೆಗೆ ಎಳೆದು ತರಬೇಡ” ಎನ್ನುವರು.

ಬಿಡುವಾದಾಗ ಎರಡು ಹೆಸರುಗಳನ್ನು ಅವರು ಭಕ್ತಿಯಿಂದ ಹೇಳುತ್ತಿದ್ದರು: ಮೈಸೂರು ಸೀಮೆಯ ಕೆ. ವೆಂಕಟಪ್ಪನವರು (1886–1965), ಶಾಂತಿನಿಕೇತನದ ನಂದಲಾಲ ಬಸು ಅವರು (1882–1966). ಇಬ್ಬರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ವೆಂಕಟಪ್ಪನವರು ಉದಕಮಂಡಲದ ಬೆಟ್ಟಗಳ ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ನಂದಲಾಲರು ಮರ, ಹಕ್ಕಿ, ಹಳ್ಳಿಯ ಜನ, ಕಂಡುದನ್ನೆಲ್ಲಾ ಸಣ್ಣ ಕಾರ್ಡುಗಳ ಮೇಲೆ ಬರೆದಿಡುತ್ತಿದ್ದರು. ಶಿಷ್ಯರಿಗೂ ಅದನ್ನೇ ಕಲಿಸಿದರು. ನಮ್ಮ ಮೇಷ್ಟ್ರು ಆ ಮಹನೀಯರನ್ನು ಕಂಡವರಲ್ಲ; ಅವರ ದಾರಿಯನ್ನು ಮಾತ್ರ ಹಿಡಿದಿದ್ದರು.

1979ರ ಬೇಸಗೆಯ ರಜೆಯಲ್ಲಿ ಹೊಸ ಕೊಠಡಿಗಾಗಿ ಆಡಳಿತದವರು ಆ ಮಾವಿನ ಮರವನ್ನು ಕಡಿಸಿದರು. ಮೇಷ್ಟ್ರು ಬರೆದುಕೊಂಡ ಅರಿಕೆಗೆ ಉತ್ತರವೇ ಬರಲಿಲ್ಲ. ಶಾಲೆ ತೆರೆದ ದಿನ ನಾವೆಲ್ಲಾ ಬುಡದ ಸುತ್ತ ನಿಂತೆವು. ಕಡಿಸಿದವರ ವಿಷಯವಾಗಿ ಅವರು ಒಂದು ಮಾತನ್ನೂ ಆಡದೆ, ಹಾಳೆಗಳನ್ನು ಹಂಚಿ, “ಮರವನ್ನು ಬರೆಯಿರಿ” ಎಂದರು.

“ಮರವೇ ಇಲ್ಲವಲ್ಲಾ, ಸಾರ್?”

“ನೋಡಿದವರಿಗೆ ಇದೆ.”

ಒಬ್ಬನು ರಸ್ತೆಯ ಕಡೆಗೆ ಬಾಗಿದ್ದ ಕೊಂಬೆಯನ್ನು ಬರೆದನು. ಒಬ್ಬನು ತೊಗಟೆಯ ಬಿರುಕಿನಲ್ಲಿ ಸಾಲುಗಟ್ಟಿದ ಇರುವೆಗಳನ್ನು. ಯಾವ ಪಾಠಕ್ಕೂ ಬಾಯಿ ತೆರೆಯದ ಒಬ್ಬ ಹುಡುಗನು ಎತ್ತರದ ಪೊಟರೆಯನ್ನೂ ಅದರಿಂದ ಇಣುಕುವ ಗಿಳಿಯನ್ನೂ ಬರೆದಿದ್ದನು. ಆ ಪೊಟರೆಯನ್ನು ಬೇರೆ ಯಾರೂ ಕಂಡಿರಲಿಲ್ಲ. ಹಾಳೆಗಳನ್ನೆಲ್ಲಾ ಗೋಡೆಗೆ ಅಂಟಿಸಿದಾಗ ಮರವು ಮತ್ತೆ ಎದ್ದು ನಿಂತಂತಾಯಿತು. ಮೇಷ್ಟ್ರು ಗಿಳಿಯ ಮುಂದೆ ಬಹಳ ಹೊತ್ತು ನಿಂತಿದ್ದು, ಜೇಬಿನ ಇದ್ದಲನ್ನು ತೆಗೆದು ಆ ಹುಡುಗನ ಕೈಯಲ್ಲಿಟ್ಟರು.

ಮುಂದೆ ಶಾಕುಂತಲದ ಆರನೆಯ ಅಂಕವನ್ನು ಓದುವಾಗಲೂ ಓದಿಸುವಾಗಲೂ ಅಂದಿನ ಗೋಡೆಯೇ ನಮ್ಮ ಕಣ್ಣಿಗೆ ಕಟ್ಟುತ್ತಿತ್ತು. ದುಷ್ಯಂತನು ತಾನು ತೊರೆದ ಶಕುಂತಲೆಯ ಚಿತ್ರವನ್ನು ಬರೆದೂ, ಅದು ಮುಗಿದಿಲ್ಲವೆನ್ನುತ್ತಾನೆ. ಉಳಿದುದೇನು? ಹಂಸಗಳಿರುವ ಮಾಲಿನೀನದಿಯ ಮರಳು, ಹಿಮಾಲಯದ ತಪ್ಪಲು, ನಾರುಡೆಗಳು ತೂಗುವ ಮರ, ಅದರಡಿಯ ಜಿಂಕೆಗಳು. ಅಲಂಕಾರಶಾಸ್ತ್ರಜ್ಞರು ಇಲ್ಲಿ ವಿಪ್ರಲಂಭಶೃಂಗಾರವನ್ನು ಕಾಣುವರು, ಅದು ಯುಕ್ತವೇ. ನಮಗಾದರೋ ಇನ್ನೊಂದು ತೋರುತ್ತದೆ. ಪ್ರೀತಿಪಾತ್ರರನ್ನು ಅವರು ಬಾಳಿದ ನೀರು, ನೆಲ, ಮರಗಳಿಂದ ಬೇರ್ಪಡಿಸಿ ನೆನೆಯಲಾಗದು. ಕಳೆದುಹೋದ ಮೇಲೆ ನೆನೆಯಬೇಕಾದರೆ ಇರುವಾಗ ನೋಡಿರಬೇಕು.

ಮೇಷ್ಟ್ರು ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಗೆ ಬಣ್ಣದ ಪೆಟ್ಟಿಗೆಯನ್ನು ಕೊಡಿಸುವ ಗೃಹಸ್ಥರಲ್ಲಿ ಅವರ ಪರವಾಗಿ ನಮ್ಮದೊಂದು ಬಿನ್ನಹ. ಪೆಟ್ಟಿಗೆಯನ್ನು ತೆರೆಯುವ ಮೊದಲು ಮಗುವನ್ನು ಹಿತ್ತಲಿಗೆ ಕರೆದೊಯ್ಯಿರಿ. ಕರಿಬೇವೋ ದಾಸವಾಳವೋ, ಯಾವುದಾದರೊಂದು ಗಿಡವನ್ನು ತೋರಿಸಿ, ಅದರ ಎಲೆಗಳಿಗೆ ಎಷ್ಟು ಬಣ್ಣಗಳೆಂದು ಕೇಳಿರಿ. ಉತ್ತರವನ್ನು ಮಾತ್ರ ನೀವು ಹೇಳಬೇಡಿರಿ. ಹಿತ್ತಲಿಲ್ಲದವರಿಗೆ ಬೀದಿಯ ಮರವುಂಟು. ಅದು ಇರುವಾಗಲೇ ಹೋಗಿ ನೋಡಿರಿ.