ಕರಿ ಹೊಗೆ, ನೀಲಿ ಹೊಗೆ, ಬಿಳಿ ಹೊಗೆ

ಅಕ್ಕನ ಮಗ ಈಚೆಗೆ ಒಂದು ಹಳೆಯ ಡೀಸೆಲ್ ಕಾರು ಕೊಂಡ. ಗೇರು ಹಾಕುವಾಗ ಕರಕರ ಅನ್ನುತ್ತದೆ, ಏರು ಹತ್ತುವಾಗ ಹಿಂದೆ ಕರಿ ಹೊಗೆ. ದೊಡ್ಡ ವರ್ಕ್‌ಶಾಪೊಂದರಲ್ಲಿ ಸ್ಕ್ಯಾನರ್ ಹಾಕಿ ನೋಡಿ, ಟರ್ಬೊ ಬದಲಿಸಬೇಕು, ಗೇರ್‌ಬಾಕ್ಸೂ ಬದಲಿಸಬೇಕು ಎಂದು ಎಸ್ಟಿಮೇಟ್ ಕೊಟ್ಟರಂತೆ. ಅದರ ಮೊತ್ತ ಅವನು ಕಾರು ಕೊಂಡ ಬೆಲೆಯ ಹತ್ತಿರಕ್ಕೇ ಬಂದಿತ್ತು. ಚೀಟಿಯನ್ನು ನನ್ನ ಮುಂದಿಟ್ಟು ಕೇಳಿದ: "ಮಾವ, ಸ್ಕ್ಯಾನರ್ ಇಲ್ಲದ ಕಾಲದಾಗೆ ನಿಮಗೆ ಇದೆಲ್ಲ ಹೆಂಗೆ ಗೊತ್ತಾಗ್ತಿತ್ತು?"

ಉತ್ತರ ಹೇಳಬೇಕಾದವರು ನಮ್ಮ ಮೆಕ್ಯಾನಿಕ್ ಉಸ್ತಾದರು. ಅವರು ಈಗಿಲ್ಲ. ಮಧುಗಿರಿಯಿಂದ ಕೊರಟಗೆರೆಗೆ ಹೊರಡುವ ರಸ್ತೆಯ ಬದಿಯಲ್ಲಿ, ಹುಣಸೆಮರದ ಕೆಳಗಿದ್ದ ಅವರ ತಗಡಿನ ಶೆಡ್ಡೂ ಇಲ್ಲ. ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ ಅಗಲವಾದಾಗ ಮೊದಲು ಮರ ಉರುಳಿತು, ಆಮೇಲೆ ಶೆಡ್ಡು. ಅಲ್ಲೊಂದು ಗ್ಯಾರೇಜಿತ್ತು ಅನ್ನುವುದಕ್ಕೆ ಕಾಗದಪತ್ರದಲ್ಲಿ ಸಾಕ್ಷಿ ಸಿಗಲಾರದು, ಅದಕ್ಕೆ ಬೋರ್ಡೇ ಇರಲಿಲ್ಲ. ನಾನು ಆಗ ಟ್ಯಾಕ್ಸಿ ಓಡಿಸುತ್ತಿದ್ದೆ. ಬಾಡಿಗೆ ಸಿಗದ ಹೊತ್ತೆಲ್ಲ ಆ ಮರದ ಕೆಳಗೇ ಕಳೆದವನು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಬಾಡಿಗೆ ಅಂದರೆ ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿ, ಶನಿವಾರ ಪಾವಗಡದ ಶನಿಮಹಾತ್ಮ, ನಡುವೆ ಸಿದ್ಧರಬೆಟ್ಟ, ಸೀಬಿ. ರಾತ್ರಿ ಹೊತ್ತು ಬಾಗಿಲು ಬಡಿದರೆ ಅದು ಹೆರಿಗೆ ನೋವು ಅಥವಾ ಹಾವು ಕಡಿತ. ಪಾವಗಡದ ಕಡೆಯ ಹಳ್ಳಿಯಿಂದ ತುಮಕೂರಿನ ಆಸ್ಪತ್ರೆಗೆ ನೂರು ಕಿಲೋಮೀಟರಿನ ಆಸುಪಾಸು ದಾರಿ. ಅಂಥ ದಾರಿಗೆ ಪೆಟ್ರೋಲ್ ಕಾರು ಗಿಟ್ಟುತ್ತಿರಲಿಲ್ಲ. 1,489 ಸಿಸಿಯ ಡೀಸೆಲ್ ಅಂಬಾಸಿಡರ್, ಮಹೀಂದ್ರ ಜೀಪು, ಮೆಟಡಾರ್, ಟ್ರ್ಯಾಕ್ಸ್, 1994ರ ನಂತರ ಸುಮೋ, 1998ರ ಕೊನೆಗೆ ಬಂದ ಇಂಡಿಕಾ, ಇವೇ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಎಂಬ ನಮ್ಮ ನಾಲ್ಕು ತಾಲ್ಲೂಕಿನ ಕಾಲುಗಳು. ಶಿರಾದಲ್ಲಿ ಹೆದ್ದಾರಿ ಇದ್ದದ್ದರಿಂದ ಅಲ್ಲಿನ ಕೈಗಳೆಲ್ಲ ಲಾರಿಗೆ ಪಳಗಿದ್ದವು. ಕಾರು, ಜೀಪು ಅಂದರೆ ಕೊರಟಗೆರೆಯವರೂ ಪಾವಗಡದವರೂ ಹುಣಸೆಮರಕ್ಕೇ ಬರುತ್ತಿದ್ದರು.

ಆ ಜಾಗದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಡೀಸೆಲ್ಲಿನದು ಎಲ್ಲರಿಗೂ ಗೊತ್ತು, ನಾನು ಹೇಳುವುದು ಗೇರ್ ಆಯಿಲಿನದು. ತೊಂಬತ್ತರ ಆಯಿಲ್ ಅಂತಿದ್ದೆವು. ಹಲ್ಲುಗಳು ಒತ್ತಡಕ್ಕೆ ಸವೆಯದಿರಲೆಂದು ಅದಕ್ಕೆ ಗಂಧಕದ ಅಂಶ ಬೆರೆಸಿರುತ್ತಾರೆ. ಹಳೆಯದನ್ನು ಇಳಿಸಿದಾಗ ಮೇಲೇಳುವ ಘಾಟು ಸೀಮೆಎಣ್ಣೆ, ಮರದ ಹೊಟ್ಟು, ಸೋಪು ಎಲ್ಲ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಉಸ್ತಾದರು ಆ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯುತ್ತಿದ್ದರು. ಹಳದಿ ಮಿನುಗು ಕಂಡರೆ ಗೇರು ಕೂಡಿಸುವ ಹಿತ್ತಾಳೆಯ ಸಿಂಕ್ರೊ ರಿಂಗು ಸವೆದಿದೆ, ಬೆಳ್ಳನೆಯ ಚೂರು ಸಿಕ್ಕರೆ ಉಕ್ಕಿನ ಹಲ್ಲೇ ಮುರಿದಿದೆ.

ಆದರೆ ಆಯಿಲ್ ಇಳಿಸುವ ತನಕ ಬರುತ್ತಿದ್ದುದೇ ಅಪರೂಪ. ಗೇರ್ ಬೀಳುತ್ತಿಲ್ಲ ಎಂದು ಬಂದವನಿಗೆ ಮೊದಲು ಹೇಳುತ್ತಿದ್ದುದು, "ಎಂಜಿನ್ ಆಫ್ ಮಾಡು. ಈಗ ಹಾಕು." ನಿಂತ ಎಂಜಿನ್ನಿನಲ್ಲಿ ಗೇರು ಸಲೀಸಾಗಿ ಬಿದ್ದು, ಓಡುವಾಗ ಕರಕರ ಅಂದರೆ ದೋಷ ಕ್ಲಚ್ಚಿನದು. ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟು ಬಿಡುತ್ತಿಲ್ಲ ಎಂದರ್ಥ. ಕ್ಲಚ್ ಆಯಿಲ್ ಇಳಿದಿದೆಯೋ, ಸಿಲಿಂಡರಿನ ರಬ್ಬರ್ ಸೋರುತ್ತಿದೆಯೋ, ಪೆಡಲಿನ ಆಟ ಹೆಚ್ಚಾಗಿದೆಯೋ ನೋಡಬೇಕು. ನಿಂತಾಗಲೂ ಬೀಳದಿದ್ದರೆ ಲಿವರಿನಿಂದ ಗೇರ್ ಪೆಟ್ಟಿಗೆಯ ತನಕದ ಲಿಂಕೇಜು, ಅದರ ಬುಶ್ಶು. ಸ್ಟೀರಿಂಗ್ ಪಕ್ಕದಲ್ಲೇ ಗೇರಿದ್ದ ಹಳೆಯ ಅಂಬಾಸಿಡರಿನಲ್ಲಿ ಬುಶ್ಶು ಸವೆದು ಲಿಂಕೇಜು ಸಿಕ್ಕಿಹಾಕಿಕೊಂಡರೆ ನಡುರಸ್ತೆಯಲ್ಲೇ ಬಾನೆಟ್ ಎತ್ತಿ ಕೈಯಿಂದ ಬಿಡಿಸುತ್ತಿದ್ದೆವು. ಒಂದೇ ಒಂದು ಗೇರು ಮಾತ್ರ ಕರಕರ ಅಂದರೆ ಆ ಗೇರಿನ ಸಿಂಕ್ರೊ. ಆಗ ಮಾತ್ರ ಪೆಟ್ಟಿಗೆ ಇಳಿಸುವ ಮಾತು. ಅಗ್ಗದ್ದು ಮೊದಲು, ದುಬಾರಿಯದು ಕಡೆಗೆ. ಇದು ಅವರ ಕಾನೂನು.

ಹೊಗೆಯನ್ನು ಅವರು ಬೆಳಗಿನ ಹೊತ್ತೇ ನೋಡುತ್ತಿದ್ದರು. "ಗಾಡಿ ರಾತ್ರಿ ಇಲ್ಲೇ ಬಿಡಪ್ಪ, ತಣ್ಣಗಿದ್ದಾಗ ಅದು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಮೊದಲ ಸ್ಟಾರ್ಟಿಗೆ ಕಣ್ಣುರಿಸುವ ಬಿಳಿ ಹೊಗೆ ಬಂದು, ಎಂಜಿನ್ ಕಾದಂತೆ ಕರಗಿದರೆ ಅದು ಉರಿಯದೆ ಹೊರಬಂದ ಡೀಸೆಲ್. ಹೀಟರ್ ಪ್ಲಗ್ಗು, ಪಂಪಿನ ಟೈಮಿಂಗು, ಕಂಪ್ರೆಷನ್ನು ಈ ಕ್ರಮದಲ್ಲಿ ನೋಡಬೇಕು. ಕಾದ ಮೇಲೂ ಬಿಳಿ ನಿಲ್ಲದೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಮುಚ್ಚಳ ತೆಗೆದಾಗ ಗುಳ್ಳೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದು ನಮ್ಮ ಸೀಮೆಯ ಶಾಪ. ಪಾವಗಡ, ಮಧುಗಿರಿಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಜನ ಈಗ ಮಾತಾಡುತ್ತಾರೆ, ಆ ನೀರಿನ ಗಡಸುತನವನ್ನು ಎಂಜಿನ್ನುಗಳು ಆಗಲೇ ಉಂಡಿದ್ದವು. ನೀರು ಹರಿಯುವ ದಾರಿಯಲ್ಲೆಲ್ಲ ಸುಣ್ಣ ಕಟ್ಟಿ, ಬಿಸಿಯೇರಿ, ಗ್ಯಾಸ್ಕೆಟ್ ಸುಡುತ್ತಿತ್ತು. ಮಳೆ ಬಿದ್ದ ದಿನ ಶೆಡ್ಡಿನ ತಗಡಿನಿಂದ ಇಳಿಯುವ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟು, ತಮ್ಮ ಗಿರಾಕಿಗಳ ರೇಡಿಯೇಟರಿಗೆ ಅದನ್ನೇ ಸುರಿಯುತ್ತಿದ್ದರು.

ಕರಿ ಹೊಗೆ ಅಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಹಾಗಾಗಿ ಮೊದಲು ಏರ್ ಫಿಲ್ಟರ್. ಮಿಡಿಗೇಶಿಯಿಂದಾಚೆ ರಸ್ತೆಯ ಧೂಳು ತಿಂದ ಜೀಪಿನ ಫಿಲ್ಟರಿನ ತಳದಲ್ಲಿ ಆಯಿಲ್ ಕೆಸರಾಗಿ ಕೂತಿರುತ್ತಿತ್ತು. ಅದಲ್ಲದಿದ್ದರೆ ನಾಜಲ್. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುವರು. ಸಡಿಲಿಸಿದಾಗ ಎಂಜಿನ್ ಕುಂಟಿದರೆ ಆ ಸಿಲಿಂಡರ್ ಒಳ್ಳೆಯದು. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ. ಆ ನಾಜಲನ್ನು ಟೆಸ್ಟರಿಗೆ ಕಟ್ಟಿ ಹಿಡಿ ಒತ್ತಿದರೆ ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಿದರೆ ಕೆಲಸಕ್ಕೆ ಬಾರದು. ಪಂಪಿನ ದೋಷವಾದರೆ ಅದನ್ನು ಗೋಣಿಯಲ್ಲಿ ಸುತ್ತಿ ತುಮಕೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಪಾರ್ಟು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು. ಪೆಟ್ಟಿಗೆಯ ಮೇಲೆ ಮೈಕೊ ಎಂಬ ಹೆಸರಿದ್ದರೆ ಅವರ ಮುಖ ಅರಳುತ್ತಿತ್ತು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಆಯಿತು, ಉಸ್ತಾದರಿಗೆ ಕಡೆಯವರೆಗೂ ಅದು ಮೈಕೊನೇ.

ಒಮ್ಮೆ ಒಬ್ಬ ಡ್ರೈವರ್ ಇದೇ ಎರಡು ದೂರನ್ನೂ ಒಟ್ಟಿಗೆ ತಂದ: ಗೇರು ಕರಕರ, ಹೊಗೆ ಕಪ್ಪು. ಉಸ್ತಾದರು ಅವನ ಪಕ್ಕ ಕೂತು ಕೊರಟಗೆರೆ ಕಡೆ ಹೋಗಿ ಬಂದರು. ಹೊಗೆಗೆ ಒಂದು ನಟ್ಟೂ ಮುಟ್ಟಲಿಲ್ಲ, ಕ್ಲಚ್ ಸಿಲಿಂಡರಿನ ರಬ್ಬರ್ ಮಾತ್ರ ಬದಲಿಸಿದರು. ಗೇರು ಸರಿಯಾಗಿ ಬೀಳದ್ದರಿಂದ ಆತ ಏರಿನಲ್ಲಿ ಗೇರು ಇಳಿಸಲು ಹಿಂಜರಿದು ಟಾಪ್‌ನಲ್ಲೇ ಎಳೆಸುತ್ತಿದ್ದ. ನಿಧಾನಕ್ಕೆ ತಿರುಗುವ ಎಂಜಿನ್ನಿಗೆ ಡೀಸೆಲ್ ತುರುಕಿದರೆ ಅದು ಕಪ್ಪಗೆ ಕಾರದೆ ಇನ್ನೇನು ಮಾಡೀತು? ಗಾಡಿಯ ಜತೆ ಅದನ್ನು ಓಡಿಸುವವನನ್ನೂ ನೋಡಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ನೀಲಿ ಹೊಗೆಯ ವ್ಯವಹಾರವೊಂದನ್ನು ಹೇಳಲೇಬೇಕು. ಪಾವಗಡ ಕಡೆಯ ಕಡಲೆಕಾಯಿ ವ್ಯಾಪಾರಿ, ಡೀಸೆಲ್ ಅಂಬಾಸಿಡರ್. ಹಿಂದೆ ನೀಲಿ ಹೊಗೆ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಐಡ್ಲಿಂಗಿನಲ್ಲಿ ನಿಲ್ಲಿಸಿ ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಒಂದು ಉಸಿರು ನೀಲಿ ಬಂದು ನಿಂತರೆ ವಾಲ್ವಿನ ಸೀಲು. ಬಿಡದೆ ಬಂದರೆ ರಿಂಗು, ಬೋರು. ಉಸ್ತಾದರು ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಗಾಳಿ ದಬದಬ ನೂಕುತ್ತಿತ್ತು. "ರಿಂಗು ಹೋಗೈತೆ. ಬೋರೂ ಸವೆದೈತೆ. ಸರಿಯಾಗಿ ಮಾಡಬೇಕಂದ್ರೆ ಸ್ಲೀವು, ಪಿಸ್ಟನ್ನು ಎಲ್ಲ ಹೊಸದು."

ಆ ವರ್ಷ ಮಳೆ ಕೈಕೊಟ್ಟಿತ್ತು. ವ್ಯಾಪಾರಿ ತೆಲುಗು ಬೆರೆತ ಕನ್ನಡದಲ್ಲಿ ಅಷ್ಟು ದುಡ್ಡಿಲ್ಲ ಎಂದ. ಉಸ್ತಾದರು ಬೀಡಿ ಹಚ್ಚಿದರು. ಬರೀ ರಿಂಗು ಹಾಕಿಕೊಡುತ್ತೇನೆ, ಮುಂದಿನ ಕಡಲೆಕಾಯಿ ಸುಗ್ಗಿ ತನಕ ಎಳೆಯುತ್ತದೆ, ಆಮೇಲೆ ಮತ್ತೆ ಹೊಗೆ ಬರುತ್ತದೆ, ಬಂದಾಗ ನನ್ನನ್ನು ಬೈಯಬೇಡ ಎಂದರು. ಇವನು ಕೂಲಿಯಲ್ಲಿ ಅರ್ಧ ಇಳಿಸು ಎಂದ. ಅವರು ಇಳಿಸಲಿಲ್ಲ, ಬದಲಿಗೆ ಅರ್ಧ ಈಗ, ಅರ್ಧ ಸುಗ್ಗಿಗೆ ಎಂದರು. ಸುಗ್ಗಿಯಲ್ಲಿ ಬೆಲೆ ಬಿದ್ದರೆ? ಕಾಯಿನಲ್ಲೇ ಕೊಡು. ಒಂದು ಮೂಟೆಯೋ ಎರಡೋ ಎಂಬುದಕ್ಕೆ ಚಹಾ ಎರಡು ಸುತ್ತು ಆಯಿತು. ಕೊನೆಗೆ ಒಂದೂವರೆಗೆ ನಿಂತಿತು. ಸುಗ್ಗಿಗೆ ಮೂಟೆ ಬಂತು, ಅದರ ಹಿಂದೆಯೇ ಸ್ಲೀವು ಪಿಸ್ಟನ್ನಿಗೆ ಗಾಡಿಯೂ ಬಂತು. ಉಸ್ತಾದರು ಹೇಳಿದ್ದು ಒಂದೂ ತಪ್ಪಾಗಿರಲಿಲ್ಲ, ಅವನು ಕೊಟ್ಟ ಮಾತೂ ತಪ್ಪಲಿಲ್ಲ.

ಹೀಗೆ ಬರೆಯುತ್ತ ಹೋದರೆ ಎಲ್ಲವೂ ಚಿನ್ನವೆಂದು ತೋರುತ್ತದೆ. ಇರಲಿಲ್ಲ. ಆ ಶೆಡ್ಡಿನಲ್ಲಿ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದ ಹುಡುಗರು ಶಾಲೆಯಲ್ಲಿ ಇರಬೇಕಾದ ವಯಸ್ಸಿನವರು. ಬಾಲಕಾರ್ಮಿಕರ ಕಾಯಿದೆ 1986ರಲ್ಲೇ ಬಂದಿತ್ತು, ಹುಣಸೆಮರದ ತನಕ ಬಂದಿರಲಿಲ್ಲ. ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆದು ವಾಂತಿ ಮಾಡಿಕೊಂಡ ಹುಡುಗನನ್ನು ಕಂಡಿದ್ದೇನೆ. ಸುಟ್ಟ ಆಯಿಲ್ ಎಲ್ಲ ಮರದ ಬುಡಕ್ಕೇ ಹೋಗುತ್ತಿತ್ತು. ಪಡಿತರದ ನೀಲಿ ಸೀಮೆಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸಿ ಓಡಿಸುವವರು ಇದ್ದರು. ಸೀಮೆಎಣ್ಣೆಗೆ ಜಿಡ್ಡಿಲ್ಲ, ಪಂಪು ಒಣಗಿ ಸವೆಯುತ್ತದೆ ಎಂದು ಉಸ್ತಾದರು ಬೈಯುತ್ತಿದ್ದರು. ಬಡವರ ಒಲೆಯ ಎಣ್ಣೆ ಅದು ಎಂದು ಯಾರೂ ಬೈಯಲಿಲ್ಲ. ಆ ಹೊಗೆಯನ್ನು ನಾವೆಲ್ಲ ಕುಡಿದೆವು. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಸಾರಿದ್ದು 2012ರಲ್ಲಿ. ಅಷ್ಟರಲ್ಲಿ ಉಸ್ತಾದರ ಕೆಮ್ಮು ಹಳೆಯದಾಗಿತ್ತು. ಆದ್ದರಿಂದ 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6 ಎಂಬ ಹೊಗೆ ನಿಯಮಗಳನ್ನು ನಾನು ದೂರುವುದಿಲ್ಲ. ಅವು ಇನ್ನೂ ಮೊದಲೇ ಬರಬೇಕಿತ್ತು.

ಎಂಜಿನ್ನೂ ಬದಲಾಯಿತು. ಈಗಿನ ಕಾಮನ್ ರೇಲ್ ಎಂಜಿನ್ನಿನ ಪೈಪಿನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುತ್ತದೆ. ಓಡುವಾಗ ಅದರ ನಟ್ಟು ಸಡಿಲಿಸಿದರೆ ಚಿಮ್ಮುವ ಎಳೆ ಚರ್ಮ ಸೀಳಿ ಒಳನುಗ್ಗುತ್ತದೆ, ಬೆರಳೇ ಹೋಗಬಹುದು. ಉಸ್ತಾದರ ಆ ವಿದ್ಯೆಯನ್ನು ಯಾರೂ ಹೊಸ ಗಾಡಿಯ ಮೇಲೆ ಪ್ರಯೋಗಿಸಬಾರದು. ಇಲ್ಲಿ ಸ್ಕ್ಯಾನರ್ ಬೇಕೇ ಬೇಕು.

ಅಕ್ಕನ ಮಗನ ಕಾರನ್ನು ಶಿರಾದಲ್ಲಿ ಹೆದ್ದಾರಿ ಪಕ್ಕ ಸಣ್ಣ ಗ್ಯಾರೇಜು ಇಟ್ಟಿರುವ ಹುಡುಗನೊಬ್ಬನ ಹತ್ತಿರ ತೋರಿಸಿದೆವು. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು, ಕೈಯಲ್ಲಿ ಸ್ಕ್ಯಾನರೂ ಇತ್ತು. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಕಡಿಮೆ ಎಂದು ಅದು ತೋರಿಸಿತು. ದೊಡ್ಡ ವರ್ಕ್‌ಶಾಪಿನವರಿಗೂ ಅದೇ ತೋರಿಸಿರಬೇಕು, ಅವರು ಅಲ್ಲಿಗೇ ನಿಂತು ಟರ್ಬೊ ಎಂದು ಬರೆದರು. ಇವನು ಟಾರ್ಚ್ ಹಿಡಿದು ಕಾರಿನ ಕೆಳಗೆ ಹೋದ. ಟರ್ಬೊದಿಂದ ಗಾಳಿ ತರುವ ರಬ್ಬರ್ ಹೋಸು ಸೀಳಿತ್ತು. ಗಾಳಿ ಅಲ್ಲೇ ಸೋರಿಹೋಗುತ್ತಿತ್ತು, ಹೊಗೆ ಕಪ್ಪಾಗುತ್ತಿತ್ತು. ಆಮೇಲೆ ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದ. ಸಲೀಸಾಗಿ ಬಿತ್ತು. ಕ್ಲಚ್ಚಿನ ಸಿಲಿಂಡರ್ ಸೋರುತ್ತಿತ್ತು. ಎರಡನ್ನೂ ಬದಲಿಸಿ, ಸೀಳಿದ ಹೋಸನ್ನು ತಂದು ಅಕ್ಕನ ಮಗನ ಕೈಗೆ ಕೊಟ್ಟ. ಖರ್ಚು ಆ ಎಸ್ಟಿಮೇಟಿನ ಒಂದು ಚೂರು.

ಈ ಶಿರಾದ ಹುಡುಗನಿಗೆ ಉಸ್ತಾದರು ಯಾರೆಂದೇ ಗೊತ್ತಿಲ್ಲ. ಆದರೂ ಅವನು ನಡೆದದ್ದು ಅದೇ ಹಾದಿಯಲ್ಲಿ: ಅಗ್ಗದ್ದು ಮೊದಲು, ದುಬಾರಿಯದು ಕಡೆಗೆ, ಬಿಚ್ಚಿದ್ದನ್ನು ಯಜಮಾನನಿಗೆ ತೋರಿಸು. ಆ ಕಾಲದ ಕಿವಿ, ಮೂಗು, ಬೆರಳು ಎಲ್ಲ ಹೋದವಲ್ಲ ಎಂದು ನಾನು ಬಹಳ ವರ್ಷ ಕೊರಗಿದ್ದೇನೆ. ಈಗ ನನಗನಿಸುವುದು ಬೇರೆ. ಕಿವಿಯ ಕೆಲಸವನ್ನು ಸ್ಕ್ಯಾನರ್ ಮಾಡೀತು. ಗಿರಾಕಿಯ ಜೇಬನ್ನು ತನ್ನ ಜೇಬಿನಂತೆ ಕಾಣುವ ಕೆಲಸವನ್ನು ಯಾವ ಸ್ಕ್ಯಾನರೂ ಮಾಡುವುದಿಲ್ಲ. ದೊಡ್ಡ ವರ್ಕ್‌ಶಾಪುಗಳು ಗಿರಾಕಿಯನ್ನು ಗಾಜಿನಾಚೆ ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತವೆ, ಗಾಡಿಯ ಹತ್ತಿರ ಮಾತ್ರ ಬಿಡುವುದಿಲ್ಲ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದು ಕೇಳಿದರೆ ಕೋಡ್ ನಂಬರು ಹೇಳುತ್ತಾರೆ. ರಿಪೇರಿ ಹೋಗಿ ಬದಲಾವಣೆಯೊಂದೇ ಉಳಿದಿದೆ, ಅದನ್ನೇ ಸೇವೆ ಎಂದು ಕರೆಯುತ್ತಾರೆ.

ನಮ್ಮ ತಾಲ್ಲೂಕುಗಳಲ್ಲಿ ಇವತ್ತಿಗೂ ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿರುವವರು ಹೊಸದು ಕೊಳ್ಳಲಾರದ ರೈತರು, ಬಾಡಿಗೆ ಓಡಿಸುವವರು. ಅವರ ಗಾಡಿ ಹೊಗೆ ಉಗುಳಬಾರದು, ಸರಿ. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆ 65 ಹಾರ್ಟ್‌ರಿಜ್ ಯೂನಿಟ್ ಮೀರಬಾರದೆಂಬ ನಿಯಮವೇ ಇದೆ. ಆ ಮಿತಿಯೊಳಗೆ ತರುವ ಕೈಗಳು ತಾಲ್ಲೂಕಿಗೆ ನಾಲ್ಕಾದರೂ ಇರಬೇಡವೇ? ಐಟಿಐಗಳು ಸ್ಕ್ಯಾನರ್ ಕಲಿಸುವ ದಿನವೇ ಹೊಗೆಯ ಮೂರು ಬಣ್ಣಗಳನ್ನೂ ಕಲಿಸಲಿ, ಲೆಕ್ಕ ಒಪ್ಪಿಸುವ ಮರ್ಯಾದೆಯನ್ನೂ ಕಲಿಸಲಿ. ಗಾಡಿ ಇರುವವರು, ಬಿಲ್ಲಿನ ದುಡ್ಡು ಕೊಡುವ ಮೊದಲು ಬಿಚ್ಚಿದ ಪಾರ್ಟನ್ನು ತೋರಿಸಿ ಎಂದು ಗಟ್ಟಿಯಾಗಿ ಕೇಳಿ. ತೋರಿಸಲಾರದವನ ಹತ್ತಿರ ಮತ್ತೆ ಹೋಗಬೇಡಿ.