ಸೊನ್ನೆಯೂ ಗೈರುಹಾಜರಿಯೂ

ಗೋಮಾಳ ಯಾರೊಬ್ಬರ ಸ್ವತ್ತೂ ಅಲ್ಲ. ಆದ್ದರಿಂದಲೇ ಅದು ಎಲ್ಲರದ್ದು. ಅಲ್ಲಿ ದನ ಮೇಯಿಸಲು ಪಹಣಿ ತೋರಿಸಬೇಕಿಲ್ಲ, ಕಂದಾಯ ಕಟ್ಟಬೇಕಿಲ್ಲ. ಆದರೆ ನಮ್ಮ ದನ ಹೋಗುವ ಹೊತ್ತಿಗೆ ನೆರೆಯವರ ದನ ಅಲ್ಲಿ ಮೇಯುತ್ತಿದ್ದರೆ ‘ಎಬ್ಬಿಸಿ’ ಎನ್ನುವ ಹಕ್ಕೂ ನಮಗಿಲ್ಲ.

ರೇಡಿಯೋ ಅಲೆಗಳ ಲೋಕದಲ್ಲೂ ಇಂಥ ಗೋಮಾಳಗಳಿವೆ. ಅಮೆರಿಕ 1985ರಲ್ಲಿ ಕೆಲವು ತರಂಗಾಂತರಗಳನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್‌ನ ಪಟ್ಟಿ 2005ರಲ್ಲಿ ಮುಕ್ತವಾಯಿತು. 5 ಗಿಗಾಹರ್ಟ್ಸ್‌ನ ಸುತ್ತಮುತ್ತ ಇನ್ನಷ್ಟು ವಿಶಾಲವಾದ ಜಾಗ 2018ರಲ್ಲಿ ಸಿಕ್ಕಿತು. ಮನೆಯ ವೈಫೈ ಮೇಯುವುದು ಇಲ್ಲಿಯೇ. ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಆಗಾಗ ಅದೇ ಹುಲ್ಲಿಗೆ ಬಾಯಿ ಹಾಕುತ್ತದೆ. ಸಾಲದ್ದಕ್ಕೆ, ಕೋಟಿಗಟ್ಟಲೆ ಕೊಟ್ಟು ಸ್ವಂತ ತರಂಗಾಂತರ ಕೊಂಡ ಮೊಬೈಲ್ ಜಾಲಗಳೂ 5ರ ಗೋಮಾಳಕ್ಕೆ ಇಳಿಯುವಂತೆ 4ಜಿಯ ನಿಯಮಗಳನ್ನು 2016ರಲ್ಲಿ, 5ಜಿಯ ನಿಯಮಗಳನ್ನು 2020ರಲ್ಲಿ ರೂಪಿಸಿದರು.

ಇದನ್ನೆಲ್ಲ ನನಗೆ ಹೇಳಿದವನು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನನ್ನ ತಂಗಿಯ ಮಗ. ನಿನ್ನ ಕೆಲಸವೇನಪ್ಪಾ ಎಂದು ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ, ಪ್ರಶ್ನೆ ಹಾಕಿದ. “ದೊಡ್ಡಮ್ಮ, ಪರೀಕ್ಷೆಗೆ ಬರದ ಹುಡುಗನಿಗೆ ನೀವು ಸೊನ್ನೆ ಹಾಕ್ತೀರೋ, ಗೈರುಹಾಜರಿ ಅಂತ ಬರೀತೀರೋ?” ಗೈರುಹಾಜರಿ ಎಂದೆ. “ನನ್ನ ಕೆಲಸವೂ ಅಷ್ಟೇ” ಎಂದ.

ಅಷ್ಟೇ ಎಂದರೆ ಎಷ್ಟು ಎಂಬುದು ಆಮೇಲೆ ತಿಳಿಯಿತು. ಟವರ್ ಆಗಾಗ ಒಂದು ಗೊತ್ತಾದ ಸಂಕೇತವನ್ನು ಕಳಿಸುತ್ತದೆ. ಅದರಲ್ಲಿ ಸುದ್ದಿಯೇನೂ ಇರುವುದಿಲ್ಲ. ಅದು ಹೇಗಿರುತ್ತದೆಂದು ಫೋನಿಗೆ ಮೊದಲೇ ಗೊತ್ತು. ಕೇಳಿಸಿದ್ದನ್ನು ಗೊತ್ತಿದ್ದುದರ ಪಕ್ಕದಲ್ಲಿಟ್ಟು ನೋಡಿದರೆ ದಾರಿಯಲ್ಲಿ ಎಷ್ಟು ಸವೆಯಿತು, ಎಷ್ಟು ಕೆಟ್ಟಿತು ಎಂಬುದು ಗೊತ್ತಾಗುತ್ತದೆ. ನಾವು ಮಾಡಿಸುವ ಉಕ್ತಲೇಖನವೂ ಹೀಗೆಯೇ ತಾನೆ? ನಾನು ಹೇಳಿದ್ದು ‘ಹಾಲು’ ಎಂದು ತಿಳಿದಿರುವುದರಿಂದಲೇ ಮಗು ಬರೆದ ‘ಆಲು’ವಿನಲ್ಲಿ ಏನು ತಪ್ಪಿತೆಂದು ಹೇಳಬಲ್ಲೆ. ಫೋನು ತನ್ನ ಅಳತೆಯನ್ನು ವರದಿ ಮಾಡುತ್ತದೆ. ಅದನ್ನು ನೋಡಿ ಟವರ್ ಎಷ್ಟು ವೇಗವಾಗಿ ಮಾತಾಡಬೇಕೆಂದು ತೀರ್ಮಾನಿಸುತ್ತದೆ.

ಸ್ವಂತ ಹೊಲದಲ್ಲಿ ಇದು ಸುಲಭ. ಗೊತ್ತಾದ ಹೊತ್ತಿಗೆ ಸಂಕೇತ ಬಂದೇ ಬರುತ್ತದೆ. ಗೋಮಾಳದಲ್ಲಿ ಹಾಗಲ್ಲ. ಮಾತಾಡುವ ಮುನ್ನ ಟವರ್ ಕಿವಿಗೊಟ್ಟು ಕೇಳಬೇಕು. ಈ ಕೇಳುವಿಕೆಯನ್ನು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 9 ಭಾಗದಷ್ಟು ಸಣ್ಣ ಕ್ಷಣಗಳಲ್ಲಿ ಎಣಿಸುತ್ತಾರೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಸಂಕೇತ ಆಗ ಹೊರಡುವುದೇ ಇಲ್ಲ. ಆದರೆ ಫೋನು ಕಾಯುತ್ತ ಕುಳಿತಿದೆ. ಅದರ ಕಿವಿಗೆ ಬೀಳುವುದು ಪಕ್ಕದ ಮನೆಯ ವೈಫೈ, ಇಲ್ಲವೆ ಬರೀ ಗದ್ದಲ. ಅದನ್ನೇ ಅಳೆದು ‘ದಾರಿ ತೀರಾ ಕೆಟ್ಟಿದೆ’ ಎಂದು ವರದಿ ಒಪ್ಪಿಸಿದರೆ, ಚೆನ್ನಾಗಿದ್ದ ದಾರಿಯಲ್ಲೂ ಟವರ್ ಕುಂಟುತ್ತ ನಡೆಯುತ್ತದೆ. ಸರಾಸರಿ ತೆಗೆಯುವ ಲೆಕ್ಕದಲ್ಲಿ ಇಂಥ ಒಂದು ಸುಳ್ಳು ಸೊನ್ನೆ ಸೇರಿದರೂ ನಿಜವಾದ ಅಂಕಗಳೆಲ್ಲ ಕೆಳಗಿಳಿಯುತ್ತವೆ.

ಅದಕ್ಕೇ ಅಳೆಯುವ ಮುಂಚೆ, ಸಂಕೇತ ನಿಜವಾಗಿ ಬಂತೇ ಎಂದು ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿಲ್ಲವೇ ಹಿರಿಯರು! ಒಂದು ಉಪಾಯ, ಟವರ್ ತಾನೇ ‘ನನಗೆ ಸರದಿ ಸಿಕ್ಕಿದೆ, ಇಷ್ಟು ಹೊತ್ತು ಇರುತ್ತೇನೆ’ ಎಂದು ತಿಳಿಸುವುದು. ಆ ಅವಧಿಯೊಳಗಿನ ಸಂಕೇತಗಳನ್ನು ಮಾತ್ರ ಫೋನು ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೊಂದು, ಕೇಳಿಸಿದ್ದನ್ನು ಗೊತ್ತಿರುವ ಮಾದರಿಗೆ ಹೋಲಿಸಿ, ಹೋಲಿಕೆ ಒಂದು ಗೆರೆಗಿಂತ ಕಡಿಮೆಯಾದರೆ ಬಿಟ್ಟುಬಿಡುವುದು. 4ಜಿಯವರು ಸರದಿ ತಪ್ಪಿದ ಸಂಕೇತಕ್ಕೆ ಸ್ವಲ್ಪ ರಿಯಾಯಿತಿಯನ್ನೂ ಕೊಟ್ಟರು. 40, 80 ಅಥವಾ 160 ಮಿಲಿಸೆಕೆಂಡಿಗೊಮ್ಮೆ 6 ಮಿಲಿಸೆಕೆಂಡಿನ ಕಿಟಕಿ ತೆರೆದಿರುತ್ತದೆ, ಅದರೊಳಗೆ ಒಂದಿಷ್ಟು ತಡವಾಗಿ ಬಂದರೂ ಹಾಜರಿ ಸಿಗುತ್ತದೆ.

ಕಷ್ಟವಿರುವುದು ಆ ಗೆರೆಯಲ್ಲಿ. ಕೆಳಗೆ ಎಳೆದರೆ ಗದ್ದಲವೂ ಸಂಕೇತವೆನಿಸಿಕೊಳ್ಳುತ್ತದೆ. ಮೇಲೆ ಎಳೆದರೆ, ದೂರದ ಮೂಲೆಯಲ್ಲಿರುವ ಫೋನಿಗೆ ಕ್ಷೀಣವಾಗಿ ಆದರೂ ನಿಜವಾಗಿ ಬಂದ ಸಂಕೇತವು ‘ಬಂದೇ ಇಲ್ಲ’ ಎನಿಸಿಕೊಳ್ಳುತ್ತದೆ. ಆಗ ಆ ಫೋನಿಗೆ ಸಹಾಯ ಬೇಕೆಂಬುದು ಟವರಿಗೆ ತಿಳಿಯುವುದೇ ಇಲ್ಲ.

ಈ ಮಾತು ನನ್ನನ್ನು ತಟ್ಟಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಮತ್ತೆ ತೆರೆದಾಗ ಮಕ್ಕಳಿಗೆ ಒಂದು ಪರೀಕ್ಷೆ ಮಾಡಿದೆವು. ಕೂಲಿಯವರ ಮಗಳೊಬ್ಬಳು ‘ಸಂಧಿ ಬಿಡಿಸಿ’ ಎಂಬ ಪ್ರಶ್ನೆಯ ಕೆಳಗೆ ಏನೂ ಬರೆದಿರಲಿಲ್ಲ. ಅವರ ಮನೆಯಲ್ಲಿ ಫೋನಿರಲಿಲ್ಲ. ಸಂಧಿಯ ಪಾಠ ಅವಳ ಕಿವಿಗೇ ಬಿದ್ದಿರಲಿಲ್ಲ. ಕಳಿಸಬೇಕಾದ ನಮೂನೆಯಲ್ಲಿ ಅಂಕಕ್ಕೆ ಮಾತ್ರ ಜಾಗವಿತ್ತು. ನಾನು ‘ಪಾಠವಾಗಿಲ್ಲ’ ಎಂದು ಬರೆದೆ. ಪಟ್ಟಿ ಒಯ್ಯಲು ಬಂದವರು, “ಸಂಖ್ಯೆ ಬರೀರಿ ಮೇಡಂ, ಅಕ್ಷರ ಬರೆದರೆ ಒಟ್ಟು ಬರೋದಿಲ್ಲ” ಎಂದರು. ಒಟ್ಟು ಬಾರದಿದ್ದರೂ ಚಿಂತೆಯಿಲ್ಲ, ಕಲಿಸದಿದ್ದುದಕ್ಕೆ ಅವಳಿಗೆ ಸೊನ್ನೆ ಕೊಡಲಾರೆ ಎಂದೆ. ಪಟ್ಟಿ ಹಾಗೆಯೇ ಹೋಯಿತು. ಅಲ್ಲಿ ಯಾರು ಏನು ತಿದ್ದಿದರೋ ನಾನು ಕಾಣೆ.

ಹಾಗೆಂದು ‘ಪಾಠವಾಗಿಲ್ಲ’ ಎಂಬುದು ವರ್ಷಗಟ್ಟಲೆ ಓಡುವ ನಾಣ್ಯವಲ್ಲ. ಸಂಧಿಯನ್ನು ಎರಡು ವಾರ ಹೇಳಿಕೊಟ್ಟು ಮತ್ತೆ ಕೇಳಿದೆ. ಹತ್ತರಲ್ಲಿ ನಾಲ್ಕು ಬಂತು. ಅದು ನಿಜವಾದ ನಾಲ್ಕು. ಲೋಪಸಂಧಿ ಹಿಡಿದಿದ್ದಳು, ಆಗಮದಲ್ಲಿ ಎಡವಿದ್ದಳು. ಮಾರನೆಯ ದಿನ ಎಲ್ಲಿಂದ ಹಿಡಿಯಬೇಕೆಂದು ಆ ನಾಲ್ಕು ನನಗೆ ಹೇಳಿತು. ಸೊನ್ನೆ ಹಾಕಿದ್ದರೆ ಅದು ಏನನ್ನು ಹೇಳುತ್ತಿತ್ತು?